ಆಲಿನ್‌ನ ಒಂದೇ ಮಾತು

ಬೊಂಗ್ಯೊ ಎಂದರೆ ತೈಗಿ ಮಾತಿನಲ್ಲಿ ‘ಇರಲಿ, ಹೇಗೋ ಸಾಕೋಣ’ ಎಂದರ್ಥ. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆದಾಗ, ಅಪ್ಪ ನೋಂದಣಿ ಕಚೇರಿಯ ಕಿಟಕಿಯ ಮುಂದೆ ನಿಂತು, ಬೇರೇನೂ ತೋಚದೆ ಬರೆಸಿ ಬಂದ ಹೆಸರು ಅದು. ಅರವತ್ತೆಂಟು ವರ್ಷವಾದರೂ ಬೊಂಗ್ಯೊ ಅವರಿಗೆ ಆ ಹೆಸರಿನ ಮೇಲೆ ಮುನಿಸಿಲ್ಲ. ಯಾರಾದರೂ ಕೆದಕಿದರೆ, “ಸಾಕಿದ್ರಲ್ಲ, ಅಷ್ಟು ಸಾಕು” ಎಂದು ಮತ್ತೆ ಕಾವಲಿಯ ಕಡೆ ತಿರುಗುತ್ತಾರೆ.

ಚಿಯಾಯಿ ಊರಿನ ಪೂರ್ವ ಮಾರುಕಟ್ಟೆಯಲ್ಲಿ, ಗೋಮಾಂಸದ ಸಾರಿನ ಅಂಗಡಿಗೂ ಚಪ್ಪಲಿ ಮಾರುವವನಿಗೂ ನಡುವೆ ಆ ಕಾವಲಿ ನಲವತ್ತಮೂರು ವರ್ಷದಿಂದ ಉರಿಯುತ್ತಿದೆ. ಬಲಗೈಯಲ್ಲಿ ಜೋಲಾಡುವ ನೀರುನೀರಾದ ಹಿಟ್ಟಿನ ಮುದ್ದೆ. ಅದನ್ನು ಕಾದ ಕಬ್ಬಿಣಕ್ಕೆ ಒಮ್ಮೆ ಒತ್ತಿ, ಸುತ್ತಿಸಿ, ಎತ್ತಿಬಿಟ್ಟರೆ ತೆಳ್ಳನೆಯ ಪೊರೆಯೊಂದು ಅಂಟಿ ಉಳಿಯುತ್ತದೆ. ಅಂಚು ಒಣಗಿ ಏಳುವಷ್ಟರಲ್ಲಿ ಎಡಗೈ ಅದನ್ನು ಸೆಳೆದು ಗುಡ್ಡೆಗೆ ಹಾಕಿರುತ್ತದೆ. ಜನ ಆ ಹಾಳೆಗಳನ್ನು ಮನೆಗೊಯ್ದು, ಒಳಗೆ ಕೋಸು, ಮೊಳಕೆಕಾಳು, ಮೊಟ್ಟೆ, ಸಕ್ಕರೆ ಬೆರೆಸಿದ ಶೇಂಗಾಪುಡಿ ತುಂಬಿ ಸುತ್ತಿ ತಿನ್ನುತ್ತಾರೆ. ಅದೇ ಲುನ್‌ಪಿಯಾ. ಗಂಡ ತೀರಿಕೊಂಡ ವರ್ಷವೂ ಬೊಂಗ್ಯೊ ಹದಿಮೂರನೆಯ ದಿನಕ್ಕೆ ಅಂಗಡಿಗೆ ಬಂದು ಹಿಟ್ಟು ಒತ್ತಿದ್ದರಂತೆ. ಆ ದಿನ ಅವರು ಆಡಿದ ಮಾತು ಎಷ್ಟೆಂದು ಕೇಳಿದರೆ ಚಪ್ಪಲಿಯವನು ಬೆರಳು ಮಡಿಸಿ ಎಣಿಸುತ್ತಾನೆ, ಒಂದೇ ಕೈ ಸಾಕಾಗುತ್ತದೆ.

ಇಂಥವರ ಮನೆಗೆ ಸೊಸೆಯಾಗಿ ಬಂದವಳು ವಾನ್‌ರು, ತೈಪೈನಲ್ಲಿ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮೂರು ಪದಕ ಗೆದ್ದವಳು. ತವರಿನಲ್ಲಿ ಮ್ಯಾಂಡರಿನ್ ಬಿಟ್ಟು ಬೇರೆ ಮಾತಿಲ್ಲ. ಗಂಡ ಖುನ್‌ಮಿಂಗ್, ಬೆಟ್ಟ ಹತ್ತುವ ಕಾಡಿನ ರೈಲಿನ ಎಂಜಿನ್ ರಿಪೇರಿ ಮಾಡುವವನು, ವಾರದಲ್ಲಿ ನಾಲ್ಕು ದಿನ ಬೆಟ್ಟದ ಮೇಲೆ. ವಾನ್‌ರು ದೊಡ್ಡ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. “ಇದು ಚೆನ್ನಾಗಿ ಕಾಣ್ತಾ, ಮೊದಲಿನದ್ದಾ?” ಎಂದು ದಿನಕ್ಕೆ ಇನ್ನೂರು ಸಲ ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳುವುದೇ ಅವಳ ಕಸುಬು. ಮಗು ಆಲಿನ್ ಹಗಲೆಲ್ಲ ಅಜ್ಜಿಯ ಅಂಗಡಿಯಲ್ಲಿ, ಹಿಂದೆ ಅವನಪ್ಪ ಕೂತಿದ್ದ ಅದೇ ಬಿದಿರಿನ ಕುರ್ಚಿಯಲ್ಲಿ.

ಆಲಿನ್‌ಗೆ ಎರಡು ವರ್ಷ ಮೂರು ತಿಂಗಳು. ಬಾಯಲ್ಲಿ ಮಾತಿಲ್ಲ. ಅಮ್ಮ ಇಲ್ಲ, ಅಪ್ಪ ಇಲ್ಲ, ಬೆಕ್ಕನ್ನು ಕಂಡರೆ ಮಿಯಾಂವ್ ಇಲ್ಲ. ಇರುವುದು ಒಂದೇ ಒಂದು ದನಿ, ತುಟಿ ಮುಚ್ಚಿಕೊಂಡು ಮೂಗಿನಿಂದ ಬರುವ ‘ಮ್ಮ್.’ ಹಾಲು ಬೇಕಾ ಎಂದರೆ ಮ್ಮ್. ಪಾರ್ಕಿಗೆ ಹೋಗೋಣವಾ, ಮ್ಮ್. ವಾನ್‌ರುಗೆ ಅದೊಂದೇ ಸಮಾಧಾನ. ಮ್ಯಾಂಡರಿನ್‌ನಲ್ಲಿ ಯಾರು ಏನು ಕೇಳಿದರೂ ಒಪ್ಪಿಗೆಗೆ ಹಾಗೇ ಮೂಗಿನಲ್ಲಿ ಹ್ಞೂಂಗುಟ್ಟುವುದು ರೂಢಿ. ಮಾತು ಬರದಿದ್ದರೇನು, ಮಗ ಹ್ಞೂಂ ಅನ್ನುತ್ತಾನಲ್ಲ!

ಆದರೆ ಹ್ಞೂಂ ಅಂದವನು ಹಾಲು ಕೊಟ್ಟರೆ ಲೋಟವನ್ನೇ ಎಸೆಯುತ್ತಾನೆ. ಪಾರ್ಕಿಗೆ ಹೊರಟರೆ ಬಾಗಿಲಲ್ಲೇ ಮಲಗಿ ಹೊರಳಾಡುತ್ತಾನೆ. ಬೂಟು ಹಾಕಲಾ ಎಂದರೆ ಮ್ಮ್ ಅನ್ನುತ್ತಾನೆ, ಹಾಕಿದ ಬೂಟು ಮರುಕ್ಷಣ ಟಿ.ವಿ.ಗೆ ಬಡಿಯುತ್ತದೆ. ಮೊಂಡ, ಕ್ಷಣಕ್ಕೊಂದು ಬುದ್ಧಿ, ಕೊಟ್ಟಷ್ಟೂ ಸಿಟ್ಟು. ಅದೇ ಮಗು ಅಜ್ಜಿಯ ಅಂಗಡಿಯಲ್ಲಿ ಐದಾರು ಗಂಟೆ ಬಿದಿರಿನ ಕುರ್ಚಿಯಲ್ಲಿ ಕೂತು ಹಿಟ್ಟಿನ ಚೂರು ಹಿಸುಕುತ್ತಿರುತ್ತದೆ.

ವಾನ್‌ರು ಪುಸ್ತಕ ತಂದಳು. ‘ಕಠಿಣ ಸ್ವಭಾವದ ಮಗು’ ಎಂಬ ಅಧ್ಯಾಯಕ್ಕೆ ಹಳದಿ ಚೀಟಿ ಅಂಟಿಸಿದಳು. ಆರಂಭದಲ್ಲೇ ಬರೆದಿತ್ತು: ‘ಮಗುವಿನ ಮೇಲೆ ಹೇರಬೇಡಿ, ಮೊದಲು ಕೇಳಿ.’ ಸರಿ, ಅವಳು ಕೇಳತೊಡಗಿದಳು. ಅಕ್ಕಿಗಂಜಿ ಬೇಕಾ, ಸಿಹಿಗೆಣಸು ಬೇಕಾ, ಅಮ್ಮ ಎತ್ತಿಕೊಳ್ಳಲಾ? ಎಲ್ಲಕ್ಕೂ ಮ್ಮ್. ಎತ್ತಿಕೊಂಡರೆ ಬಲೆಗೆ ಬಿದ್ದ ಮೀನಿನ ಹಾಗೆ ಬೆನ್ನು ಬಿಲ್ಲಾಗಿಸಿ ಕಿರುಚುತ್ತಾನೆ. ಕಿರುಚುವವನನ್ನು ಅತ್ತೆಯ ಕೈಗೆ ಕೊಟ್ಟರೆ ತೆಪ್ಪಗೆ.

“ಅತ್ತೆ, ಇವನು ನಿಮ್ಮ ಹತ್ರ ಇಷ್ಟು ಸುಮ್ನೆ ಹೇಗಿರ್ತಾನೆ?”

“ಒಳ್ಳೆ ಮಗು. ಯಾಕಿರಲ್ಲ?”

“ಮಾತು ಬರ್ತಿಲ್ವಲ್ಲ ಅತ್ತೆ. ನಂಗೆ ಹೆದರಿಕೆ ಆಗತ್ತೆ.”

“ನಾನು ನಾಲ್ಕು ವರ್ಷ ತುಂಬೋವರೆಗೂ ಮಾತಾಡಿರ್ಲಿಲ್ಲ.” ಬೊಂಗ್ಯೊ ಒಂದು ಹಾಳೆ ಕಿತ್ತರು. “ಆಮೇಲೂ ಏನು ಮಹಾ ಮಾತಾಡಿದೀನಿ?”

ಅತ್ತೆಗೆ ಮ್ಯಾಂಡರಿನ್ ಹರಕುಮುರುಕು, ಸೊಸೆಗೆ ತೈಗಿ ಅಷ್ಟೂ ಇಲ್ಲ. ಊಟ ಆಯ್ತಾ, ದಣಿವಾಯ್ತಾ, ನಿಧಾನ ಹೋಗಿ ಎಂಬಷ್ಟರಲ್ಲೇ ಮನೆ ನಡೆಯುತ್ತಿತ್ತು.

ಕೊನೆಗೆ ವಾನ್‌ರು ಒಂದು ತೀರ್ಮಾನಕ್ಕೆ ಬಂದಳು. ಮಾರುಕಟ್ಟೆಯ ಗದ್ದಲ, ಅರ್ಧ ಆ ಭಾಷೆ ಅರ್ಧ ಈ ಭಾಷೆ, ಮಾತೇ ಆಡದ ಅಜ್ಜಿ, ಇದರಲ್ಲಿ ಮಗುವಿಗೆ ಮಾತು ಬರುವುದಾದರೂ ಎಲ್ಲಿಂದ? ಚಿಂಗ್‌ಮಿಂಗ್ ಹಬ್ಬ ಮುಗಿದ ವಾರವೇ ಮಗನನ್ನು ಕರೆದುಕೊಂಡು ತೈಪೈಗೆ ಹೋಗಿಬಿಡುವುದು. ತವರಿನ ಹಿಂದಿನ ಬೀದಿಯಲ್ಲೇ ಮಕ್ಕಳ ಕ್ಲಿನಿಕ್ ಇದೆ. ಒಂದು ವರ್ಷವೋ ಎರಡೋ, ಕಾಲವೇ ಹೇಳಬೇಕು. ಅವಳಮ್ಮ ಆಗಲೇ ಕೋಣೆಗೆ ಬಣ್ಣ ಬಳಿಸಿ ಫೋಟೋ ಕಳಿಸಿದ್ದರು. ಖುನ್‌ಮಿಂಗ್ ತಲೆ ಕೆರೆದುಕೊಂಡು “ನಿಂಗೆ ಸರಿ ಅನ್ಸಿದ್ರೆ ಸರಿ” ಅಂದ. ಬೊಂಗ್ಯೊ ಮರುದಿನ ಆಲಿನ್‌ನ ಚಿಕ್ಕ ಚಾಪೆಯನ್ನು ಒಗೆದು, ಒಣಗಿಸಿ, ಸುತ್ತಿ, ದಾರ ಕಟ್ಟಿ ಸೊಸೆಯ ಕೋಣೆಯ ಬಾಗಿಲಲ್ಲಿ ಇಟ್ಟಿದ್ದರು. ವಾನ್‌ರುಗೆ ಒಂದೆರಡು ಬೈಗುಳ ಬಿದ್ದಿದ್ದರೇ ಹಗುರ ಅನ್ನಿಸುತ್ತಿತ್ತು.

ಹೋಗುವ ಮುಂಚೆ ಊರಿನ ಆಸ್ಪತ್ರೆಯಿಂದ ಒಂದು ವರದಿ ಬೇಕಿತ್ತು. ಮಾತು ಕಲಿಸುವ ಹೌ ಟೀಚರ್, ಸ್ವಂತ ಮದುವೆಗೆ ಹೊಲಿಸಿದ ಪ್ಯಾಂಟನ್ನೇ ಕೆಲಸಕ್ಕೂ ಹಾಕಿಕೊಂಡು ಬರುವ ಸಪೂರ ಹುಡುಗ, ಮೊದಲ ಭೇಟಿಯಲ್ಲಿ ಕಿವಿ ಪರೀಕ್ಷೆ ಮಾಡಿಸಿ ಸರಿಯಿದೆ ಅಂದ. ಆಮೇಲೆ ಮಗುವಿನ ಸ್ವಭಾವದ ಬಗ್ಗೆ ಎರಡು ಪ್ರಶ್ನೆಪತ್ರಿಕೆ ಕೊಟ್ಟ. “ಒಂದು ನೀವು ತುಂಬಿ. ಇನ್ನೊಂದು ಹಗಲೆಲ್ಲ ನೋಡ್ಕೊಳ್ಳೋರು ತುಂಬ್ಲಿ. ಒಬ್ಬರದ್ದು ಇನ್ನೊಬ್ಬರು ನೋಡ್ಬೇಡಿ.”

ವಾನ್‌ರು ಮೂರು ಸಂಜೆ ಕೂತು ಪ್ರಾಮಾಣಿಕವಾಗಿ ತುಂಬಿದಳು. ಬೇಸರವಾದಾಗ ಜೋರಾಗಿ ಅಳುತ್ತದೆಯೇ? ಯಾವಾಗಲೂ. ಮನಸ್ಸು ಬೇಗ ಬದಲಾಗುತ್ತದೆಯೇ? ಯಾವಾಗಲೂ. ಕೊನೆಯ ಪುಟದ ಖಾಲಿ ಜಾಗದಲ್ಲಿ ‘ಬೇರೆ ಏನಾದರೂ’ ಎಂದಿತ್ತು. ‘ನನ್ನನ್ನು ಕಂಡರೆ ಅವನಿಗೆ ಆಗುವುದಿಲ್ಲವೇನೋ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಸಣ್ಣಕ್ಷರದಲ್ಲಿ ಅದನ್ನೇ ಬರೆದಳು. ಅತ್ತೆಯ ಪತ್ರಿಕೆಯನ್ನು ಖುನ್‌ಮಿಂಗ್ ಓದಿ ಹೇಳಿ ಗುರುತು ಹಾಕಿ, ಲಕೋಟೆಗೆ ಹಾಕಿ ಅಂಟಿಸಿದ.

ಚಿಂಗ್‌ಮಿಂಗ್ ಬಂತು. ಹಿರಿಯರ ಸಮಾಧಿ ಗುಡಿಸಿ ಬಂದವರು ಅವತ್ತು ಲುನ್‌ಪಿಯಾ ತಿನ್ನದೆ ಬಿಡುವುದಿಲ್ಲ. ಹಿಂದಿನ ದಿನ ಬೆಳಗಿನ ಏಳಕ್ಕೇ ಬೊಂಗ್ಯೊ ಅಂಗಡಿಯ ಸಾಲು ಚಪ್ಪಲಿಯವನನ್ನು ದಾಟಿ ಮೀನಿನ ಕಟ್ಟೆ ತಲುಪಿತ್ತು. ವಾನ್‌ರು ರಜೆ ಹಾಕಿ ಬಂದಿದ್ದಳು. ಅವಳ ಕೆಲಸ ಮಗುವನ್ನು ಹಿಡಿದಿಡುವುದೊಂದೇ.

ಒಂಬತ್ತರ ಸುಮಾರಿಗೆ ಮಗು ಹಸಿದಿರಬೇಕು ಅನ್ನಿಸಿತು ಅವಳಿಗೆ. ಬಾಳೆಹಣ್ಣು ಸುಲಿದಳು. ಪುಸ್ತಕ ಹೇಳಿದಂತೆ ಮಗುವಿನ ಎತ್ತರಕ್ಕೆ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: “ಆಲಿನ್, ಬಾಳೆಹಣ್ಣು ಬೇಕಾ?”

“ಮ್ಮ್.”

“ಜಾಣ ಮರಿ!” ಅವಳು ತುಂಡು ಮುರಿದು ಬಾಯಿಗಿಟ್ಟಳು.

ಮಗು ಉಗಿಯಿತು. ಅವಳು ಇನ್ನೊಮ್ಮೆ ಕೇಳಿದಳು, “ಬೇಕೋ?” “ಮ್ಮ್!” ಈ ಸಲ ದನಿ ಎತ್ತರ. ಅವಳು ಇಡೀ ಹಣ್ಣನ್ನೇ ಕೈಗೆ ಕೊಟ್ಟಳು. ಆಲಿನ್ ಅದನ್ನು ನೋಡಿದ, ಅಮ್ಮನನ್ನು ನೋಡಿದ, ಮುಖ ಕೆಂಪಾಯಿತು. ಮೈಯಲ್ಲಿದ್ದ ಬಲವನ್ನೆಲ್ಲ ಒಟ್ಟುಮಾಡಿ ಬೀಸಿದ. ಹಣ್ಣು ಕಾವಲಿಯ ನಟ್ಟನಡುವೆ ಬಿದ್ದು ಚುಂಯ್ ಎಂದಿತು.

ಸಾಲಿನಲ್ಲಿ ಹತ್ತು ಬಾಯಿ ಒಟ್ಟಿಗೆ ತೆರೆದವು, ಎಲ್ಲವೂ ತೈಗಿಯಲ್ಲಿ. ವಾನ್‌ರುಗೆ ಅರ್ಥವಾದದ್ದು ಅವರ ಬೆರಳು ತೋರಿಸುತ್ತಿರುವುದು ಮಗುವಿನ ಕಡೆಗಲ್ಲ, ತನ್ನ ಕಡೆಗೆ ಎಂಬುದಷ್ಟೇ.

“ಕ್ಷಮಿಸಿ, ಕ್ಷಮಿಸಿ, ಇವನು ಹೀಗೇ, ಸ್ವಲ್ಪ ಕಠಿಣ ಸ್ವಭಾವ,” ಎಂದು ಅವಳು ಬಗ್ಗಿ ಬಗ್ಗಿ ಹೇಳಿದಳು.

ಸ್ಕೂಟರಿನ ಹೆಲ್ಮೆಟ್ ತೆಗೆಯದೆಯೇ ನಿಂತಿದ್ದ ಒಬ್ಬ ಮುದುಕ ಅವಳಿಗೋಸ್ಕರ ಮ್ಯಾಂಡರಿನ್‌ಗೆ ಹೊರಳಿದ. “ಯಾರದಮ್ಮ ಕಠಿಣ? ಮಗು ಬೇಡ ಬೇಡ ಅಂತ ಎರಡು ಸಲ ಬಾಯಿಬಿಟ್ಟು ಹೇಳ್ತು. ನೀನು ತುರುಕಿದ್ದೇ ತುರುಕಿದ್ದು!”

“ಯಾವಾಗ ಹೇಳ್ದ? ಅವನಿಗೆ ಮಾತೇ ಬರಲ್ಲ!”

“ಈಗ ಹೇಳಿದ್ನಲ್ಲ. ಮ್ಮ್ ಅಂತ.”

“ಮ್ಮ್ ಅಂದ್ರೆ ಹ್ಞೂಂ ಅಲ್ವಾ?”

ಸಾಲಿನಲ್ಲಿ ಯಾರೋ ಅದನ್ನು ಹಿಂದಿನವರಿಗೆ ತೈಗಿಯಲ್ಲಿ ದಾಟಿಸಿದರು. ನಗು ಮೀನಿನ ಕಟ್ಟೆಯವರೆಗೂ ಹೋಗಿ ಅಲ್ಲಿಂದ ವಾಪಸು ಬಂತು. ನೇರಳೆ ಛತ್ರಿಯ ಹೆಂಗಸು ಹೊಟ್ಟೆ ಹಿಡಿದುಕೊಂಡು ಮ್ಯಾಂಡರಿನ್‌ನಲ್ಲೇ ಅಂದಳು. “ಅಯ್ಯೋ ತಾಯಿ, ಎಲ್ಲಿಯವಳೇ ನೀನು? ನಮ್ಮ ತೈಗಿಯಲ್ಲಿ ಮ್ಮ್ ಅಂದ್ರೆ ಊಹೂಂ! ಬೇಡ! ನನ್ನ ಮೊಮ್ಮಗಳು ದಿನಾ ನೂರು ಸಲ ಅಂತಾಳೆ. ಬೊಂಗ್ಯೊ ಅಕ್ಕಾ, ನಿನ್ನ ಸೊಸೆಗೆ ಮೊದಲು ಒಂದು ಬಿದಿರು ಕುರ್ಚಿ ಹಾಕು, ಮಗೂಗಲ್ಲ!”

ವಾನ್‌ರು ನಿಂತಲ್ಲೇ ನಿಂತಳು. ಮ್‌-ಚೈ. ಗೊತ್ತಿಲ್ಲ ಅನ್ನುವುದಕ್ಕೆ ತೈಪೈನ ಶಾಲಾಮಕ್ಕಳೂ ತಮಾಷೆಗೆ ಅನ್ನುವ ತೈಗಿ ಪದ. ಅವಳೇ ಸಾವಿರ ಸಲ ಅಂದಿದ್ದಾಳೆ. ಅದರ ಮುಂದೆ ಕೂತಿರುವ ‘ಮ್’ ಇದೇ ಇಲ್ಲ-ಬೇಡಗಳ ಮ್ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಎಂಟು ತಿಂಗಳಿಂದ ಮಗು ಬೇಡ ಎನ್ನುತ್ತಿದೆ, ತಾನು ಜಾಣ ಮರಿ ಎನ್ನುತ್ತ ಕೊಡುತ್ತಿದ್ದೇನೆ. ಹಾಲು ಬೇಡ, ಬೂಟು ಬೇಡ, ಎತ್ತಿಕೊಳ್ಳುವುದೂ ಬೇಡ, ಈಗ ಬೇಡ. ಪ್ರಶ್ನೆ ಕೇಳಿ ಕೇಳಿ, ಹೇಳಿದ್ದನ್ನು ಒಂದು ಸಲವೂ ಕೇಳಿಸಿಕೊಳ್ಳದ ಹೆಂಗಸಿನ ಮುಖಕ್ಕೆ ಯಾರು ತಾನೇ ಬೂಟು ಎಸೆಯುವುದಿಲ್ಲ?

ಬೊಂಗ್ಯೊ ಅಷ್ಟರಲ್ಲಿ ಕಾವಲಿ ಕೆರೆದು ಎಣ್ಣೆ ಒರೆಸಿ ಮುಂದಿನ ಹಾಳೆ ಒತ್ತಿಯಾಗಿತ್ತು.

“ಅತ್ತೆ, ನಿಮಗೆ ಗೊತ್ತಿತ್ತಾ?”

“ಏನು?”

“ಅವನು ಬೇಡ ಅಂತಿದಾನೆ ಅಂತ.”

“ಗೊತ್ತಿಲ್ದೆ ಏನು? ಸ್ಪಷ್ಟವಾಗಿ ಅಂತಾನಲ್ಲ.”

“ಮತ್ತೆ ನಾನು ಹೀಗೆಲ್ಲ ಮಾಡುವಾಗ ಯಾಕೆ ಸುಮ್ನಿದ್ರಿ?”

ಬೊಂಗ್ಯೊ ಹಿಟ್ಟಿನ ಮುದ್ದೆಯನ್ನು ಗಾಳಿಯಲ್ಲೇ ಆಡಿಸುತ್ತ ಸೊಸೆಯನ್ನು ನೋಡಿದರು. “ನೀನು ಓದಿದವಳು. ಮೊದ್ಲು ಕೇಳೋದು, ಬೇಡ ಅಂದ್ರೆ ಆಮೇಲೆ ಕೊಡೋದು. ಇದು ಪುಸ್ತಕದಲ್ಲಿರೋ ಪದ್ಧತಿ ಅಂದ್ಕೊಂಡಿದ್ದೆ. ಮಗೂನ ಗಟ್ಟಿ ಮಾಡೋಕೆ.”

ಶೇಂಗಾ ಚೀಲಗಳ ಹಿಂದೆ ಹೋಗಿ ವಾನ್‌ರು ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಬೆಟ್ಟದ ಮೇಲಿದ್ದ ಗಂಡನಿಗೆ ಫೋನ್ ಹಚ್ಚಿದಳು. ಖುನ್‌ಮಿಂಗ್ ಎಲ್ಲ ಕೇಳಿ, “ಹಾಗಾದ್ರೆ ಅದು ಪುಸ್ತಕದ ಪದ್ಧತಿ ಅಲ್ವಾ?” ಅಂದ. ಅವನ ಹಿಂದೆ ಯಾವುದೋ ಎಂಜಿನ್ ಉಸ್ಸೆಂದಿತು.

ಆ ದಿನದಿಂದ ಎಲ್ಲ ಸುಲಭವಾಯಿತೆಂದರೆ ಸುಳ್ಳು. ಬೇಡ ಎಂಬುದು ಅರ್ಥವಾದ ಮೇಲೆ ಸ್ನಾನ ಮಾಡಿಸುವುದು ಇನ್ನೂ ಕಷ್ಟವಾಯಿತು. ಮೊದಲು ಅರಿಯದೆ ನೀರಿಗೆ ಇಳಿಸುತ್ತಿದ್ದಳು, ಈಗ ಅರಿತು ಇಳಿಸಬೇಕು. “ಗೊತ್ತು ಕಂದ, ನಿಂಗೆ ಬೇಡ. ಆದ್ರೂ ಇವತ್ತು ಸ್ನಾನ ಇದೆ,” ಎಂದು ಹೇಳಿ ಮಾಡಿಸಿದಳು. ಅವನು ಅತ್ತ. ಆದರೆ ಏನನ್ನೂ ಎಸೆಯಲಿಲ್ಲ, ಬೆನ್ನು ಬಿಲ್ಲಾಗಲಿಲ್ಲ. ಹಾಲು ತಂದು, ಅವನು ಮ್ಮ್ ಅಂದಾಗ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು. ಆಲಿನ್ ಬೆಕ್ಕಸ ಬೆರಗಾಗಿ ಆ ಲೋಟ ಅಡುಗೆಮನೆಗೆ ಹೋಗುವುದನ್ನು ಕತ್ತು ಚಾಚಿ ನೋಡಿದ. ತನ್ನ ಮಾತಿಗೆ ಇಷ್ಟು ಬಲವಿದೆಯೆಂದು ಅವನಿಗೆ ಅಂಗಡಿಯಲ್ಲಿ ಗೊತ್ತಿತ್ತು, ಮನೆಯಲ್ಲಿ ಗೊತ್ತಿರಲಿಲ್ಲ. ಖುಷಿಗೆ ಆ ಸಂಜೆ ಹನ್ನೆರಡು ಸಲ ಮ್ಮ್ ಅಂದ. ನೆಲಕ್ಕೆ, ಕಿಟಕಿಗೆ, ಫ್ಯಾನಿಗೆ.

ಹಬ್ಬ ಕಳೆದ ಗುರುವಾರ ಹೌ ಟೀಚರ್ ಎರಡೂ ಪತ್ರಿಕೆಗಳನ್ನು ಅಕ್ಕಪಕ್ಕ ಹಾಸಿಕೊಂಡು ಕೂತಿದ್ದ.

“ನಿಮ್ಮ ಮನೇಲಿ ಎರಡು ಮಕ್ಕಳಿದಾರಾ?”

“ಒಂದೇ.” ವಾನ್‌ರು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ಬಾಳೆಹಣ್ಣು ಚುಂಯ್ ಅಂದದ್ದೂ ಸೇರಿ.

ಟೀಚರ್ ನಗು ತಡೆಯಲು ಪೆನ್ನಿನ ಮುಚ್ಚಳ ಕಚ್ಚಿದ. ಆಮೇಲೆ ಮುಖ ಗಂಭೀರ ಮಾಡಿಕೊಂಡ. “ನೋಡಿ, ಇವನಿಗೆ ಮಾತು ತಡವಾಗಿದೆ. ಅದು ನಿಜ. ನೀವು ಹೆದರಿದ್ದು ಸುಮ್ನೆ ಅಲ್ಲ. ವಾರಕ್ಕೊಂದು ಸಲ ಕರ್ಕೊಂಡ್ ಬನ್ನಿ. ಸ್ವಭಾವದಲ್ಲಿ ಸ್ವಲ್ಪ ನಿಧಾನಿ, ಹೊಸದಕ್ಕೆ ಒಗ್ಗೋಕೆ ಹೊತ್ತು ಬೇಕು. ಆದ್ರೆ ಈ ಎಸೆಯೋದು, ಕಿರುಚೋದು, ಅದ್ರಲ್ಲಿ ಎಷ್ಟು ಸ್ವಭಾವ, ಎಷ್ಟು ಹೇಳಿದ್ದು ಮನೇಲಿ ಅರ್ಥ ಆಗದ ಸಂಕಟ, ಇನ್ನು ಮೇಲೆ ನೋಡ್ಬೇಕು.”

“ಎರಡು ಭಾಷೆಯಿಂದ ಹೀಗಾಯ್ತಾ? ಅತ್ತೆಗೆ ತೈಗಿ ನಿಲ್ಲಿಸೋಕೆ ಹೇಳ್ಲಾ?”

“ಎರಡು ಭಾಷೆ ಕೇಳಿದ್ರೆ ಮಾತು ತಡ ಆಗಲ್ಲ. ಅದನ್ನ ನಿಲ್ಲಿಸಿದ್ರೆ ಇರೋ ಒಂದು ಮಾತೂ ಹೋಗತ್ತೆ!” ಟೀಚರ್ ಎರಡು ಮರದ ಪ್ರಾಣಿಗಳನ್ನು ಮೇಜಿನ ಮೇಲಿಟ್ಟ. “ನೀವು ಬೇಕಾ ಬೇಕಾ ಅಂತ ಕೇಳೋದನ್ನ ಕಡಿಮೆ ಮಾಡಿ. ಎರಡು ವಸ್ತು ತೋರ್ಸಿ, ಹೆಸರು ಹೇಳಿ, ಹತ್ತು ಎಣಿಸೋವರೆಗೂ ಸುಮ್ನಿರಿ. ನಿಮ್ಮತ್ತೆ ಏನು ಮಾಡ್ತಾರೆ ನೋಡಿದೀರಾ?”

ವಾನ್‌ರು ನೋಡಿದ್ದಳು. ಆ ವಾರವೆಲ್ಲ ಅಂಗಡಿಯ ಮೂಲೆಯಲ್ಲಿ ನಿಂತು, ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಸಲ, ಅತ್ತೆಯನ್ನು ಕಣ್ಣಿಟ್ಟು ನೋಡಿದ್ದಳು. ಬೊಂಗ್ಯೊ ಒಂದು ಕೈಯಲ್ಲಿ ಹಾಳೆಯ ಚೂರು, ಇನ್ನೊಂದರಲ್ಲಿ ಚಿಟಿಕೆ ಶೇಂಗಾಪುಡಿ ಹಿಡಿಯುತ್ತಿದ್ದರು. ಒಂದೊಂದರ ಹೆಸರು ಒಮ್ಮೆ ಹೇಳುತ್ತಿದ್ದರು. ಆಮೇಲೆ ತಮ್ಮ ಪಾಡಿಗೆ ಹಿಟ್ಟು ಒತ್ತುತ್ತ ಕಾಯುತ್ತಿದ್ದರು, ಅಂಚು ಒಣಗುವುದನ್ನು ಕಾಯುವ ಹಾಗೆ. ಬೇಕಾದದ್ದಕ್ಕೆ ಆಲಿನ್ ಗುಬ್ಬಿಮರಿಯಂತೆ ಬಾಯಿ ತೆರೆಯುತ್ತಿದ್ದ. ಬೇಡದ್ದಕ್ಕೆ ಒಂದು ಮ್ಮ್. ಯಾರಿಗೂ ಅವಸರವಿರಲಿಲ್ಲ. ಅತ್ತೆ ಮಾತು ಕಡಿಮೆ ಎಂದುಕೊಂಡಿದ್ದಳು. ಕಡಿಮೆಯೇ, ಆದರೆ ಆಡಿದ ಒಂದೊಂದು ಮಾತೂ ಮಗುವಿನ ಕೈಗೆ ಸಿಗುವಂತಿತ್ತು.

ಮನೆಗೆ ಬಂದವಳು ದಾರ ಕಟ್ಟಿದ ಚಾಪೆಯನ್ನು ಬಿಚ್ಚಿ ಹಾಸಿದಳು. ಬೊಂಗ್ಯೊ ಬಾಗಿಲಲ್ಲಿ ನಿಂತು ನೋಡಿದರು.

“ತೈಪೈ?”

“ಇಲ್ಲೇ ಇರ್ತೀವಿ ಅತ್ತೆ. ಗುರುವಾರ ಗುರುವಾರ ಟೀಚರ್ ಹತ್ರ. ಉಳಿದ ದಿನ ಅವನನ್ನ ನೀವು ನೋಡ್ಕೊಳ್ಳಿ.” ಚಾಪೆಯ ಅಂಚು ಸರಿಮಾಡುತ್ತ, “ನಂಗೂ ತೈಗಿ ಕಲಿಸಿ.”

ಬೊಂಗ್ಯೊ ಯೋಚಿಸಿದರು. “ನೀನು ತುಂಬಾ ಪ್ರಶ್ನೆ ಕೇಳ್ತೀಯಾ,” ಅಂದರು. ಒಳಗೆ ಹೋದವರು ಒಂದು ತಟ್ಟೆಯಲ್ಲಿ ಸುತ್ತಿದ ಲುನ್‌ಪಿಯಾ ತಂದು ಸೊಸೆಯ ಮುಂದಿಟ್ಟು, ಅದರ ಹೆಸರನ್ನು ನಿಧಾನವಾಗಿ ಒಮ್ಮೆ ಹೇಳಿ, ಕಾಯುತ್ತ ಕೂತರು.

ಉಳಿದದ್ದು ತವರಿಗೆ ಹೇಳುವುದು. ಭಾನುವಾರ ಮಧ್ಯಾಹ್ನ ವಾನ್‌ರು ಧೈರ್ಯ ಮಾಡಿ ಫೋನ್ ಮಾಡಿದಳು. ವಿಷಯ ತೆಗೆಯುವ ಮೊದಲೇ ಅವಳಮ್ಮ, “ಪರದೆ ನೀಲಿ ತರ್ಲಾ ಹಸಿರು ತರ್ಲಾ? ಎಲ್ಲಿ ನನ್ನ ರಾಜ? ಕೊಡು ಅವನಿಗೆ” ಎಂದು ಶುರುಮಾಡಿದರು. ವಾನ್‌ರು ಫೋನನ್ನು ಮಗುವಿನ ಕಿವಿಗೆ ಹಿಡಿದಳು.

“ರಾಜಾ, ಅಜ್ಜಿ ಮನೆಗೆ ಬರ್ತೀಯಾ? ತೈಪೈಗೆ?”

“ಮ್ಮ್.”

“ಕೇಳಿದ್ಯಾ ವಾನ್‌ರು? ಬರ್ತೀನಿ ಅಂದ! ಎಷ್ಟು ಚೆಂದ ಹ್ಞೂಂ ಅಂತಾನೆ ನೋಡು!”

ಆಲಿನ್‌ಗೆ ತೈಪೈ ಎಂದರೇನೆಂದು ಗೊತ್ತಿರಲಿಲ್ಲ. ಬಿಸಿ ಫೋನು ಕಿವಿಗೆ ಒತ್ತಿದ್ದು ಅವನಿಗೆ ಬೇಡವಾಗಿತ್ತು, ಅಷ್ಟೆ. ವಾನ್‌ರು ತಕ್ಷಣ ಫೋನನ್ನು ಅವನ ಕಿವಿಯಿಂದ ತೆಗೆದಳು. ಆಲಿನ್ ಕಿವಿ ಉಜ್ಜಿಕೊಂಡು ತನ್ನ ಆಟಕ್ಕೆ ಹೋದ.

“ಅಮ್ಮಾ,” ಎಂದಳು ವಾನ್‌ರು, ಕುರ್ಚಿ ಎಳೆದು ಕೂತುಕೊಳ್ಳುತ್ತ. “ನೀನೂ ಸ್ವಲ್ಪ ಕೂತ್ಕೊ. ಅವನು ಅಂದಿದ್ದು ಏನು ಅಂತ ಹೇಳ್ತೀನಿ.”